ತಾನಾಗಿ ಸರಿಹೋಗುವ ಸ್ಟಿಕ್ಕರ್

ನೆಲ ಅಳೆಯುವವನ ಮನೆಯಲ್ಲಿ ತಟ್ಟೆ ಇಡಲು ಜಾಗವಿಲ್ಲ. ಇದು ಗಾದೆಯಲ್ಲ, ಯಾವ ಹಿರಿಯರೂ ಹೇಳಿಹೋದದ್ದಲ್ಲ. ಟೈಲರಮ್ಮ ಐದು ವಾರ, ದಿನಕ್ಕೆ ಮೂರು ಹೊತ್ತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿ ಹೇಳಿ ಅದಕ್ಕೊಂದು ಗಾದೆಯ ಗತ್ತು ಬಂದುಬಿಟ್ಟಿತು, ಅಷ್ಟೆ. ಮುಂದೆ ಹೇಳುವುದೆಲ್ಲ ನಡೆದದ್ದೇ. ನಂಬಿಕೆ ಬಾರದವರು ಆ ಕಾರಿನ ಎಡಬಾಗಿಲು ತೆರೆದು, ಕಿಟಕಿಯ ಸ್ವಿಚ್ಚುಗಳ ಸುತ್ತ ಬೆರಳಾಡಿಸಿ ನೋಡಬಹುದು. ಒಂದೇ ಒಂದು ಗುಳ್ಳೆ ಸಿಕ್ಕರೂ ಈ ಕಥೆ ಸುಳ್ಳು.

ಆ ಮನೆಯಲ್ಲಿದ್ದವರು ನಾಲ್ಕೇ ಜನ. ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ ಹಾಕಿಕೊಂಡು, ಬೀದಿಯವರ ಮೈಕಟ್ಟನ್ನೆಲ್ಲ ಇಂಚಿನಲ್ಲಿ ಬಲ್ಲ ಟೈಲರಮ್ಮ. ಸರ್ಕಾರಿ ಕಚೇರಿಯಲ್ಲಿದ್ದುಕೊಂಡು, ಸುತ್ತಲ ನೆಲವನ್ನೆಲ್ಲ ಮೀಟರಿನಲ್ಲಿ ಬಲ್ಲ ಅವಳ ಗಂಡ, ಸರ್ವೇಯರ. ಸರ್ವೇಯರನ ತಾಯಿ, ಅಜ್ಜಿ. ಹಲ್ಲುಗಳೆಲ್ಲ ನಿವೃತ್ತಿಯಾಗಿದ್ದರೂ ನಾಲಿಗೆ ಇನ್ನೂ ಪೂರ್ತಿ ಸೇವೆಯಲ್ಲಿತ್ತು. ಕಾಲೇಜಿಗೆ ಹೋಗುವ ಮಗಳು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಕೆಮ್ಮು ಸಮೇತ ಒಪ್ಪಿಸುತ್ತಿದ್ದಳು, ಅದಕ್ಕೇ ಮನೆಯಲ್ಲಿ ಅವಳಿಗೆ ರೇಡಿಯೋ ಎಂದು ಹೆಸರು. ಇವರ ಜೊತೆಗೆ ಒಂಬತ್ತು ವರ್ಷದ ಒಂದು ಕಾರು. ಅದರ ಡ್ಯಾಶ್‌ಬೋರ್ಡಿನ ಉದ್ದಕ್ಕೂ, ನಾಲ್ಕು ಬಾಗಿಲುಗಳಲ್ಲೂ, ಗೇರಿನ ಸುತ್ತಲೂ ಮರದ ಬಣ್ಣದ ಪ್ಲಾಸ್ಟಿಕ್ ಪಟ್ಟಿಗಳಿದ್ದವು. ಒಂಬತ್ತು ವರ್ಷ ಅವು ಯಾರ ತಂಟೆಗೂ ಹೋಗಿರಲಿಲ್ಲ.

ಒಂದು ದಿನ ಕಚೇರಿಯ ಕಿರಿಯನೊಬ್ಬ ಕಾರಿನಲ್ಲಿ ಕೂತು ಬಂದವನು, ಇಳಿಯುವಾಗ, "ಸರ್, ನಿಮ್ಮ ಕಾರಲ್ಲಿ ಕೂತ್ರೆ ನಮ್ಮ ತಾತನ ಬೀರು ಒಳಗೆ ಕೂತ ಹಾಗಾಗುತ್ತೆ" ಅಂದನಂತೆ. ಮಾರನೇ ವಾರವೇ ಮನೆಗೆ ಒಂದು ಉದ್ದನೆಯ ಡಬ್ಬ ಬಂತು. ಒಳಗೆ ಕಪ್ಪು ವಿನೈಲ್ ಹಾಳೆಯ ಸುರುಳಿ. ಅದರೊಳಗೆ ಬೂದು ಬಣ್ಣದ ನೇಯ್ಗೆಯಂಥ ಗೆರೆಗಳು, ಓರೆಯಾಗಿ ಹಿಡಿದರೆ ಮಿಣಮಿಣ.

"ಇದೇನೋ ಮಗಾ, ಛತ್ರಿ ಬಟ್ಟೆನಾ?" ಅಂದಳು ಅಜ್ಜಿ.

"ಕಾರ್ಬನ್ ಫೈಬರಮ್ಮಾ. ರೇಸ್ ಕಾರಿಗೆ ಹಾಕ್ತಾರಲ್ಲ, ಅದು."

"ನಿಜವಾದ್ದಾ ಅಪ್ಪಾ?"

"ನೋಡೋಕೆ ನಿಜವಾದ್ದೇ."

"ಅಂದ್ರೆ ಸ್ಟಿಕ್ಕರ್."

"ಸ್ಟಿಕ್ಕರ್ ಅನ್ಬೇಡ! ರ‍್ಯಾಪ್ ಅನ್ನು."

ಟೈಲರಮ್ಮ ಯಂತ್ರದ ಮೇಲಿಂದ ತಲೆಯೆತ್ತಲಿಲ್ಲ. "ಮರ ಅಲ್ಲದ ಮರದ ಮೇಲೆ ಕಾರ್ಬನ್ ಅಲ್ಲದ ಕಾರ್ಬನ್ನು. ಒಳ್ಳೇ ಜೋಡಿ. ಎಷ್ಟು ದಿನದ ಕೆಲಸ?"

"ದಿನ ಎಲ್ಲಿ ಬಂತು? ಭಾನುವಾರ ಬೆಳಿಗ್ಗೆ ಶುರು, ಮಧ್ಯಾಹ್ನ ಊಟದ ಹೊತ್ತಿಗೆ ಮುಗೀತು."

ಯಾವ ಭಾನುವಾರದ ಊಟ ಎಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಅಲ್ಲೇ ಅವಳು ಎಡವಿದ್ದು.

ಭಾನುವಾರ ಹನ್ನೊಂದು ಪಟ್ಟಿಗಳು ಕಾರಿನಿಂದ ಕಳಚಿ ಬಂದು ಊಟದ ಮೇಜಿನ ಮೇಲೆ ಮಲಗಿದವು. ಕಿಟಕಿಯ ಸ್ವಿಚ್ಚುಗಳು ವೈರುಗಳ ತುದಿಯಲ್ಲಿ ಕರುಳು ಹೊರಬಂದಂತೆ ಜೋತಾಡಿದವು. ಮೇಜಿನ ಮೇಲೆ ಸ್ಪಿರಿಟ್ ಬಾಟಲಿ, ಬ್ಲೇಡು, ಉಜ್ಜುವ ಪ್ಲಾಸ್ಟಿಕ್ ಕಾರ್ಡು, ಮಗಳ ಹೇರ್ ಡ್ರೈಯರು. ಮನೆಯವರು ಅನ್ನದ ತಟ್ಟೆ ಹಿಡಿದು ಸೋಫಾ, ಮಂಚ, ಮೆಟ್ಟಿಲು ಅಂತ ಸಿಕ್ಕಸಿಕ್ಕಲ್ಲಿ ಕೂತರು.

"ನನ್ನ ಕೂದಲು ಒಣಗಿಸ್ಕೋಬೇಕು ಅಪ್ಪಾ, ಡ್ರೈಯರ್ ಕೊಡು."

"ಬಿಸಿಲಿಗೆ ಹೋಗು. ಇದು ಮುಖ್ಯ ಕೆಲಸ."

ಡ್ರೈಯರಿನ ಮಾತು ಅಷ್ಟಕ್ಕೇ ನಿಂತಿತು. ಕತ್ತರಿಯ ಮಾತು ಅಷ್ಟು ಸುಲಭಕ್ಕೆ ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ ಟೈಲರಮ್ಮ ಬಟ್ಟೆ ಕತ್ತರಿಸಲು ಕೂತಳು. ಕತ್ತರಿ ಕಚ್ಚಲಿಲ್ಲ, ಬಟ್ಟೆಯನ್ನು ಅಗಿದು ಉಗುಳಿತು. ಅಲಗಿಗೆ ಬೆರಳಿಟ್ಟರೆ ಅಂಟು. ಇಪ್ಪತ್ತೆರಡು ವರ್ಷ ಆ ಕತ್ತರಿಯಿಂದ ಮನೆಯಲ್ಲಿ ಯಾರೂ ಒಂದು ಹಾಳೆ ಕತ್ತರಿಸಿರಲಿಲ್ಲ.

"ರೀ! ನನ್ನ ಕತ್ತರಿ ಮುಟ್ಟಿದ್ರಾ?"

"ಮುಟ್ಟಿಲ್ಲಪ್ಪ." ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿ, ಸರ್ಕಾರಿ ಮನುಷ್ಯನ ಪ್ರಾಮಾಣಿಕತೆಯಿಂದ ತಿದ್ದುಪಡಿ ಹಾಕಿದ, "ಒಂದೇ ಒಂದು ಸಲ ಉಪಯೋಗಿಸಿದೆ."

"ಅಂಟಿನ ಹಾಳೆಗೆ?"

"ಬ್ಲೇಡಲ್ಲಿ ನೇರ ಬರ್ಲಿಲ್ಲ ಕಣೇ."

"ನಿಮ್ಮ ಅಳತೆ ಮಿಷನ್ನಿನ ಗಾಜಿನ ಮೇಲೆ ನಾನು ಈರುಳ್ಳಿ ಹೆಚ್ಚಿದೀನಾ ಯಾವತ್ತಾದ್ರೂ?"

"ಸಾಣೆ ಹಿಡಿಸಿಕೊಡ್ತೀನಿ ಬಿಡು."

"ಯಾವಾಗ? ಭಾನುವಾರ ಊಟದ ಹೊತ್ತಿಗಾ?"

ಅಜ್ಜಿ ಒಳಗಿನಿಂದ, "ಹೊಡಿಯೋದಾದ್ರೆ ಕನ್ನಡಕ ತೆಗೆದು ಹೊಡಿಯಮ್ಮಾ, ಅದು ಹೊಸದು" ಅಂದಳು.

ಅವಳ ಸಿಟ್ಟಿಗೆ ಕಾರಣ ಬರೀ ಕತ್ತರಿಯಾಗಿರಲಿಲ್ಲ. ಪಟ್ಟಣದ ಹೊಸ ಹೋಟೆಲಿನ ಮೇಲ್ವಿಚಾರಕಿ ಮೇಡಂ ಅದೇ ವಾರ ಅವಳ ಮುಂದಿನ ಕೋಣೆಗೆ ಬಂದು ಹೋಗಿದ್ದರು. ಹೋಟೆಲ್ ತೆರೆಯುವ ದಿನ ಬಡಿಸುವವರಿಗೆಲ್ಲ ಕಪ್ಪು ವೇಸ್ಟ್‌ಕೋಟು ಬೇಕು, ಮೂವತ್ತನಾಲ್ಕು. ಐದನೇ ವಾರದ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಇಸ್ತ್ರಿ ಕೆಡದಂತೆ, ಹ್ಯಾಂಗರಿನಲ್ಲಿ ತೂಗುಹಾಕಿಕೊಂಡು ತಂದು ಒಪ್ಪಿಸಬೇಕು. ಒಪ್ಪಿಗೆಯಾದರೆ ವರ್ಷವಿಡೀ ಹೋಟೆಲಿನ ಹೊಲಿಗೆಯೆಲ್ಲ ಅವಳದು. ಹಾಗಾದರೆ ಬೀದಿಯ ತುದಿಯಲ್ಲಿ ಮೂರು ವರ್ಷದಿಂದ ಬಾಗಿಲು ಹಾಕಿಕೊಂಡಿರುವ ಆ ಸಣ್ಣ ಅಂಗಡಿಯನ್ನು ಅವಳು ಬಾಡಿಗೆಗೆ ಹಿಡಿಯಬಹುದು. ತರಕಾರಿಗೆ ಹೋಗುವಾಗಲೆಲ್ಲ ಅದರ ಷಟರಿನ ಮುಂದೆ ಒಂದು ಗಳಿಗೆ ನಿಂತು, ಯಂತ್ರ ಇಲ್ಲಿ, ಕನ್ನಡಿ ಅಲ್ಲಿ ಎಂದು ಮನಸ್ಸಿನಲ್ಲೇ ಸಾಮಾನು ಜೋಡಿಸಿ ಬರುತ್ತಿದ್ದಳು. ಹೊಲಿದದ್ದನ್ನು ತಾನೇ ಕಾರಿನಲ್ಲಿ ಒಯ್ದು ಒಪ್ಪಿಸಲೆಂದೇ ನಲವತ್ತೇಳರ ವಯಸ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸಿದ್ದಳು.

ಈಗ ಕತ್ತರಿ ಮೊಂಡು, ಕೋಟುಗಳ ಬಟ್ಟೆಗೆ ಹಳೆಯ ಚಿಕ್ಕ ಕತ್ತರಿಯೇ ಗತಿ. ಕಾರಿನ ಕರುಳು ಹೊರಗೆ.

ಎರಡನೇ ವಾರ ಸರ್ವೇಯರ ಅಳತೆಗೆ ಕೂತ. ಪ್ರತಿ ಪಟ್ಟಿಯನ್ನೂ ಬಿಳಿ ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಉದ್ದ ಅಗಲ ಬರೆದು, ಹಳದಿ ರಟ್ಟಿನ ತನ್ನ ಫೀಲ್ಡ್ ಪುಸ್ತಕದಲ್ಲಿ ನಮೂದಿಸಿದ. ಹೊಲ ಗದ್ದೆ ಅಳೆಯುವಾಗ ಬಳಸುವ ಪುಸ್ತಕ ಅದು. ನಕ್ಷೆಯಂತೂ ಚೆಂದ ಬಂತು. ಅದರಂತೆ ಕತ್ತರಿಸಿದ ವಿನೈಲನ್ನು ಪಟ್ಟಿಗೆ ಅಂಟಿಸಲು ಹೋದರೆ ಎಲ್ಲ ಕಡೆಯೂ ಗಿಡ್ಡ. ನಡುವೆ ಉಬ್ಬಿಗೆ ಎಳೆದರೆ ಅಂಚಿಗೆ ಸಾಲದು, ಅಂಚಿಗೆ ಎಳೆದರೆ ನಡುವೆ ಗುಳ್ಳೆ. ಮೇಲೆ ನೇಯ್ಗೆಯ ಗೆರೆಗಳು ಕುಡಿದವನ ನಡಿಗೆಯಂತೆ ಓಲಾಡಿದವು.

"ಅಳತೆ ಸರಿಯಾಗೇ ಇದೆಯಲ್ಲ!" ಎಂದು ಅವನು ಮೂರನೇ ಸಲ ಟೇಪು ಹಿಡಿದ.

ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನೋಡಿದಳು. ನೋಡಬಾರದು ಅಂದುಕೊಂಡಿದ್ದಳು, ತಡೆಯಲಾಗಲಿಲ್ಲ. "ಉಬ್ಬಿಗೆ ಎಷ್ಟು ಬಿಟ್ರಿ?"

"ಯಾವ ಉಬ್ಬು?"

"ಪಟ್ಟಿ ಉಬ್ಬಿಲ್ವಾ ನಡುವೆ?"

"ಉಬ್ಬು ಲೆಕ್ಕಕ್ಕೆ ಬರಲ್ಲ. ಗುಡ್ಡ ಇದ್ರೂ ನಾವು ಚಪ್ಪಟೆಯಾಗೇ ಅಳೀತೀವಿ. ಮೇಲಿಂದ ನೋಡಿದ್ರೆ ಎಷ್ಟು ಕಾಣುತ್ತೋ ಅಷ್ಟೇ ಜಾಗ. ಅದೇ ನಿಯಮ."

"ನಿಯಮ! ನಿಮ್ಮ ಲೆಕ್ಕದಲ್ಲಿ ರವಿಕೆ ಹೊಲಿದ್ರೆ ಈ ಬೀದೀಲಿ ಒಬ್ಬ ಹೆಂಗಸು ಉಸಿರಾಡಲ್ಲ."

"ಬಟ್ಟೆ ಬೇರೆ, ವಿನೈಲ್ ಬೇರೆ."

"ಎಳೆ ಇದೆ, ಓರೆ ಇದೆ, ಎಳೆದ್ರೆ ಹಿಗ್ಗುತ್ತೆ. ಇನ್ನೇನು ಬೇರೆ?"

"ನಿನ್ನ ಕೋಟು ನೀನು ಹೊಲಿ ಮಾರಾಯ್ತಿ. ಆ ವಿಡಿಯೋದವನು ಏನು ಹೇಳಿದಾನೆ ಗೊತ್ತಾ? ಗುಳ್ಳೆ ಇದ್ರೆ ಗಾಬರಿ ಬೇಡ, ಎರಡು ದಿನ ವಿಶ್ರಾಂತಿಗೆ ಬಿಡಿ, ತಾನಾಗಿ ಕೂತ್ಕೊಳ್ಳುತ್ತೆ ಅಂತ."

ಮೊಬೈಲಿನ ಆ ವಿಡಿಯೋದವನ ದನಿ ಮನೆಯಲ್ಲಿ ಎಷ್ಟು ಸಲ ಕೇಳಿತ್ತೆಂದರೆ ರೇಡಿಯೋ ಅದನ್ನು ಮೂಗಿನಿಂದಲೇ ನುಡಿಸುತ್ತಿದ್ದಳು. "ಗೆಳೆಯರೇ, ಅವಸರ ಬೇಡ. ವಿನೈಲಿಗೂ ಒಂದು ಮನಸ್ಸಿದೆ. ಕಾವು ಕೊಡಿ, ಪ್ರೀತಿ ಕೊಡಿ, ಆಮೇಲೆ ಒಂಟಿಯಾಗಿ ಬಿಡಿ."

"ಈ ಮಾತನ್ನ ಯಾರೂ ನನ್ನ ಬಗ್ಗೆ ಹೇಳಿಲ್ಲ ನೋಡು" ಎಂದು ಟೈಲರಮ್ಮ ಯಂತ್ರ ತುಳಿದಳು.

ಅದೇ ವಾರ ಅವಳ ಮಾದರಿ ವೇಸ್ಟ್‌ಕೋಟು ಹೋಟೆಲಿನಿಂದ ವಾಪಸು ಬಂತು. ಮೇಡಂ ಹೊಲಿಗೆಯಲ್ಲಿ ತಪ್ಪು ಹುಡುಕಿರಲಿಲ್ಲ. ಜೇಬಿನಿಂದ ಒಂದು ಚಿಕ್ಕ ಸ್ಕೇಲು ತೆಗೆದು ಗುಂಡಿಗಳ ನಡುವೆ ಇಟ್ಟಿದ್ದರು. "ಇಲ್ಲಿ ಒಂದು ಕೂದಲೆಳೆ ಜಾಸ್ತಿ, ಇಲ್ಲಿ ಕಮ್ಮಿ. ನಮ್ಮ ಹುಡುಗರು ಒಂದೇ ಸಾಲಲ್ಲಿ ನಿಲ್ತಾರೆ. ಗುಂಡಿಗಳೂ ಒಂದೇ ಸಾಲಲ್ಲಿ ನಿಲ್ಬೇಕು. ಇಲ್ದಿದ್ರೆ ರೆಡಿಮೇಡ್‌ನವರಿಗೆ ಕೊಡ್ತೀನಿ." ಟೈಲರಮ್ಮ ಇಪ್ಪತ್ತೆರಡು ವರ್ಷ ಗುಂಡಿಯನ್ನು ಕಣ್ಣಳತೆಯಲ್ಲೇ ಹಚ್ಚಿದವಳು. ಮೂವತ್ತನಾಲ್ಕು ಕೋಟುಗಳಿಗೆ ತಲಾ ಐದು ಗುಂಡಿ, ಸ್ಕೇಲು ಹಿಡಿದು. ಯೋಚಿಸಿದರೇ ಕತ್ತು ಹಿಡಿಯಿತು.

ಮೂರನೇ ವಾರದ ಕೊನೆಗೆ ಸರ್ವೇಯರ ಮೂರು ದಿನ ಹೊರಗೆ ಅಳತೆ ಕೆಲಸಕ್ಕೆ ಹೊರಟ. ಹೋಗುವ ಮುಂಚೆ ಎಡ ಮುಂಬಾಗಿಲ ಪಟ್ಟಿಗೆ ವಿನೈಲ್ ಅಂಟಿಸಿ, ಹಿಂದಿನ ಜಗಲಿಯ ಹಲಗೆಯ ಮೇಲಿಟ್ಟು, 'ವಿಶ್ರಾಂತಿಯಲ್ಲಿದೆ. ಯಾರೂ ಮುಟ್ಟತಕ್ಕದ್ದಲ್ಲ' ಎಂದು ಚೀಟಿ ಬರೆದಿಟ್ಟ. ಪಟ್ಟಿಯ ಮೇಲೆ ಹದಿನಾಲ್ಕು ಗುಳ್ಳೆಗಳಿದ್ದವು. ಸಿಡುಬು ಎದ್ದ ಮುಖದಂತಿತ್ತು.

ಟೈಲರಮ್ಮ ಬಟ್ಟೆ ಒಣಗಹಾಕಲು ಹೋದಾಗ ಅದನ್ನು ನೋಡಿದಳು. ಬಟ್ಟೆ ತೆಗೆಯಲು ಹೋದಾಗ ಮತ್ತೆ ನೋಡಿದಳು. ಗುಳ್ಳೆಯನ್ನಾದರೂ ಸಹಿಸಬಹುದಿತ್ತು, ಎಳೆ ವಕ್ರವಾಗಿರುವುದನ್ನು ಸಹಿಸುವುದು ಅವಳ ಕೈಲಾಗದ ಕೆಲಸ. ಮೂರನೇ ಸಲ ಹೋದವಳು ಪಟ್ಟಿಯನ್ನು ಎತ್ತಿಕೊಂಡೇ ಬಂದಳು.

"ಚೀಟಿ ಇದೆಯಲ್ಲಮ್ಮಾ" ಅಂದಳು ಅಜ್ಜಿ.

"ನಂಗೆ ಕಣ್ಣೂ ಇದೆಯಲ್ಲ ಅತ್ತೆ!"

ಅವನು ಅಂಟಿಸಿದ್ದನ್ನು ಕಿತ್ತಳು. ಪಟ್ಟಿಯ ಮೈಮೇಲೆ ತೆಳು ಕಾಗದ ಒತ್ತಿ, ಉಬ್ಬು ತಗ್ಗು ಸಮೇತ ಮಾದರಿ ತೆಗೆದಳು. ಸುತ್ತ ಮುಕ್ಕಾಲಿಂಚು ಮಡಿಕೆಗೆ ಬಿಟ್ಟಳು. ಸುರುಳಿ ಬಿಚ್ಚಿ, ಎಳೆ ನೇರ ಬರುವಂತೆ ಇಟ್ಟು, ನೀಲಿ ಚಾಕಿನಿಂದ ಗುರುತು ಹಾಕಿ ಕತ್ತರಿಸಿದಳು. ಅಡುಗೆಮನೆಯ ಕತ್ತರಿಯಲ್ಲಿ. ಇಸ್ತ್ರಿಪೆಟ್ಟಿಗೆಯನ್ನು ಮಗುಚಿಟ್ಟು, ಅದರ ಕಾವಿಗೆ ಹಾಳೆ ಹಿಡಿದು ಮೆತ್ತಗಾದೊಡನೆ, ಹತ್ತಿಯ ಭುಜದ ಮೆತ್ತೆಯಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬಂದಳು. ಒಳತಿರುವು ಇದ್ದ ಕಡೆ, ಕಂಕುಳ ಸುತ್ತಿಗೆ ಕೊಡುವ ಹಾಗೆ, ಚಿಕ್ಕ ಚಿಕ್ಕ ಕತ್ತರಿ ಕೊಟ್ಟು ಹಿಂದಕ್ಕೆ ಮಡಿಸಿದಳು. ಮುಕ್ಕಾಲು ಗಂಟೆ. ಪಟ್ಟಿ ಮೈಗೆ ಹೊಲಿದ ಹಾಗೆ ಕೂತಿತು.

"ಅಬ್ಬಾ! ಇದು ಕಾರ್ಬನ್ನೇ" ಎಂದಳು ರೇಡಿಯೋ. "ಅಪ್ಪಂಗೆ ಹೇಳೋಣ."

"ತಡಿ ತಡಿ." ಅಜ್ಜಿಯ ಕಣ್ಣು ಮಿನುಗಿತು. "ತಾನಾಗಿ ಸರಿಹೋಗುತ್ತೆ ಅಂದಿದ್ದಾನಲ್ಲ? ಸರಿಹೋಯ್ತು ಅನ್ನೋಣ. ಎಷ್ಟು ದೂರ ನಂಬ್ತಾನೋ ನೋಡೋಣ."

ಟೈಲರಮ್ಮನಿಗೆ ಆಟಕ್ಕೆ ಪುರುಸೊತ್ತಿರಲಿಲ್ಲ. ಆದರೆ ಕತ್ತರಿಯ ಸಿಟ್ಟು ಇನ್ನೂ ಹಸಿಯಾಗಿತ್ತು. "ಆಯ್ತು. ಅವರು ಅಂಗಳದಲ್ಲಿ ನಿಂತು ಊರಿಗೆಲ್ಲ ಹೇಳ್ಕೊಳ್ಳಲಿ ಮೊದಲು. ಆಮೇಲೆ ನಾನು ಬಾಯಿ ಬಿಡ್ತೀನಿ."

ಮಂಗಳವಾರ ಸಂಜೆ ಸರ್ವೇಯರ ಬಂದ. ಜಗಲಿಗೆ ಹೋದವನು ಬಹಳ ಹೊತ್ತು ಅಲ್ಲೇ ಇದ್ದ. ಪಟ್ಟಿಯನ್ನು ಬೆಳಕಿಗೆ ಹಿಡಿದ, ಮಗುಚಿ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಬಾಗಿಲ ಸಂದಿಯಲ್ಲಿ ಮೂರು ತಲೆಗಳು ಒಂದರ ಮೇಲೊಂದು.

"ನೋಡಿದ್ರಾ!" ಎಂದು ಒಳಗೆ ನುಗ್ಗಿದ. "ನಾನು ಹೇಳ್ಲಿಲ್ವಾ! ವಿಶ್ರಾಂತಿ! ಒಂದು ಗುಳ್ಳೆ ಇಲ್ಲ!"

"ನಂಗೆ ಕೇಳಿಸ್ತು ಕಣೋ ಮಗಾ" ಅಂದಳು ಅಜ್ಜಿ. "ಮಧ್ಯಾಹ್ನ ಎಲ್ಲಾ ಚಟ್ ಚಟ್ ಅಂತ. ಹಪ್ಪಳ ಮುರಿದ ಹಾಗೆ."

"ಗುಳ್ಳೆ ಇಳಿಯೋ ಸದ್ದು ಅದು!"

"ಗೆಳೆಯರೇ, ವಿನೈಲಿಗೂ ಒಂದು ಮನಸ್ಸಿದೆ" ಅಂದಳು ರೇಡಿಯೋ, ಮೂಗಿನಿಂದ.

ಟೈಲರಮ್ಮ ನಗು ಬಾರದಂತೆ ತುಟಿ ಕಚ್ಚಿದಳು. ಆಟ ಇಲ್ಲಿಗೆ ಮುಗಿದಿದ್ದರೆ ಚೆನ್ನಿತ್ತು. ಮುಗಿಯಲಿಲ್ಲ.

"ಹಾಗಾದ್ರೆ ಇನ್ನು ತೊಂದರೆನೇ ಇಲ್ಲ" ಎಂದ ಸರ್ವೇಯರ, ಕೈ ಉಜ್ಜಿಕೊಂಡು. "ದಿನಾ ಒಂದು ಪಟ್ಟಿ ಅಂಟಿಸಿ ಜಗಲಿಗೆ ಬಿಡ್ತೀನಿ. ಬೆಳಿಗ್ಗೆ ಹೊತ್ತಿಗೆ ಸರಿಹೋಗಿರುತ್ತೆ. ಹತ್ತು ಪಟ್ಟಿ, ಹತ್ತು ದಿನ. ನಿನ್ನ ಶನಿವಾರಕ್ಕೆ ಕಾರು ರೆಡಿ!"

ಟೈಲರಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆ ನೋಡಿದಳು.

ಮಾರನೇ ದಿನ ಬೆಳಿಗ್ಗೆ ಐದಕ್ಕೆ ಟೈಲರಮ್ಮ ಎದ್ದು ಜಗಲಿಗೆ ಹೋದರೆ ಅಲ್ಲೊಂದು ಪಟ್ಟಿ, ಇಪ್ಪತ್ತೊಂದು ಗುಳ್ಳೆ. ಇದನ್ನು ಹಾಗೇ ಬಿಟ್ಟರೆ ಅವನು ಮತ್ತೆ ಅಳತೆ, ಮತ್ತೆ ವಿಡಿಯೋ, ಮತ್ತೆ ಭಾನುವಾರ. ಕಾರು ಶನಿವಾರಕ್ಕಲ್ಲ, ಮುಂದಿನ ವರ್ಷಕ್ಕೂ ಏಳುವುದಿಲ್ಲ. ನಿಜ ಹೇಳಿಬಿಟ್ಟರೆ? ಮುಖ ಊದಿಸಿಕೊಂಡು ಪಟ್ಟಿಗಳನ್ನೆಲ್ಲ ಅಟ್ಟಕ್ಕೆ ಹಾಕಿಯಾನು. ಅವಳು ಹಲ್ಲು ಕಡಿಯುತ್ತ ಇಸ್ತ್ರಿಪೆಟ್ಟಿಗೆ ಕಾಯಿಸಿದಳು. ಮಲಗುವ ಕೋಣೆಯಿಂದ ಗಂಡನ ಗೊರಕೆ ಗರಗಸದಂತೆ ಕೇಳುತ್ತಿತ್ತು. ಆ ಗೊರಕೆಯ ಮೇಲೆ ಅವಳಿಗೆ ಎಷ್ಟು ಉರಿಯಿತೆಂದರೆ ಕಾವಿಗೆ ಇಸ್ತ್ರಿಪೆಟ್ಟಿಗೆಯೇ ಬೇಕಿರಲಿಲ್ಲ.

ಹೀಗೆ ಹತ್ತು ಬೆಳಗು. ಸರ್ವೇಯರನ ಕಟ್ಟಳೆಗಳೂ ದಿನದಿಂದ ದಿನಕ್ಕೆ ಬೆಳೆದವು. "ಮಿಕ್ಸಿ ಹಾಕ್ಬೇಡಿ, ಪಟ್ಟಿ ಅದುರುತ್ತೆ." "ಜಗಲಿ ಹತ್ರ ಒಗ್ಗರಣೆ ಹೊಗೆ ಬೇಡ." "ಬಾಗಿಲು ಮೆತ್ತಗೆ ಹಾಕಿ, ವಿಶ್ರಾಂತಿ ಕೆಡುತ್ತೆ." ಮನೆಯವರು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದು, ತುದಿಗಾಲಲ್ಲಿ ಓಡಾಡಿದರು.

"ನಮ್ಮನೇಲಿ ವಿಶ್ರಾಂತಿ ಇರೋದು ಒಂದು ಪ್ಲಾಸ್ಟಿಕ್ಕಿಗೆ ಮಾತ್ರ" ಎಂದಳು ಟೈಲರಮ್ಮ, ಕಣ್ಣು ಕೆಂಪಗೆ ಮಾಡಿಕೊಂಡು.

"ಯಾಕೆ, ನಿದ್ದೆ ಸರಿ ಆಗ್ತಿಲ್ವಾ?" ಎಂದು ಗಂಡ ಅಕ್ಕರೆಯಿಂದ ಕೇಳಿದ. ಅವಳು ಬ್ರೆಡ್ಡನ್ನು ಇನ್ನೂ ಜೋರಾಗಿ ಅಗಿದಳು. ಉತ್ತರಿಸಿದ್ದರೆ ಮನೆಯಲ್ಲಿ ಕನ್ನಡಕ ಮಾತ್ರ ಉಳಿಯುತ್ತಿತ್ತು.

ಸಾಲದ್ದಕ್ಕೆ ಅಜ್ಜಿಗೆ ಕೆಮ್ಮು ಹಿಡಿಯಿತು. ಅವಳು ಮಲಗುತ್ತಿದ್ದುದು ನಡುಮನೆಯಲ್ಲಿ. ಜಗಲಿಯ ಕೆಲಸ ಮುಗಿಸಿ ಟೈಲರಮ್ಮ ನಡುಮನೆಗೆ ಕಾಲಿಟ್ಟರೆ ಸಾಕು, ಖೊಳ್ ಖೊಳ್ ಎಂದು ಶುರು. ಜೇನು ಬೆರೆಸಿದ ಬಿಸಿನೀರು ಕೊಟ್ಟರೆ ಕುಡಿದು, "ಇನ್ನೊಂದು ಲೋಟ ಬಿಸಿ ಮಾಡಮ್ಮಾ, ನಿಧಾನಕ್ಕೆ ಮಾಡು" ಎನ್ನುತ್ತಿದ್ದಳು.

ಆ ದಿನಗಳಲ್ಲಿ ಟೈಲರಮ್ಮನ ಪಾಲಿಗೆ ಇದ್ದ ಒಂದೇ ಸಮಾಧಾನವೆಂದರೆ ಗುಂಡಿಗಳು. ಹಿಂದಿನ ಸಂಜೆ ಕಾಜಾ ಮುಗಿಸಿಟ್ಟ ಮೂರೋ ನಾಲ್ಕೋ ಕೋಟುಗಳಿಗೆ ಬೆಳಗಾಗುವಷ್ಟರಲ್ಲಿ ಗುಂಡಿ ಬಂದಿರುತ್ತಿದ್ದವು. ದಾರವನ್ನು ಹಡಗು ಕಟ್ಟುವಷ್ಟು ಬಿಗಿಯಾಗಿ ಎಳೆದು ಗಂಟು ಹಾಕಿದ್ದು ಬಿಟ್ಟರೆ ದೂರುವಂತಿರಲಿಲ್ಲ. ಅಂತರವಂತೂ ಯಂತ್ರ ಹಚ್ಚಿದ ಹಾಗೆ.

"ಅತ್ತೆ, ಗುಂಡಿ ಹಚ್ತಿರೋದು ಯಾರು?"

"ಇನ್ಯಾರು, ನಿನ್ನ ಮಗಳು. ಕೇಳೋಕೆ ಹೋಗ್ಬೇಡ. ಹೊಗಳಿದ್ರೆ ಆ ಹುಡುಗಿ ಕೆಲಸ ನಿಲ್ಲಿಸಿಬಿಡುತ್ತೆ."

ಟೈಲರಮ್ಮ ಹೊಗಳಲಿಲ್ಲ, ಮಗಳ ತಟ್ಟೆಗೆ ಒಂದು ಮೊಟ್ಟೆ ಜಾಸ್ತಿ ಹಾಕಿದಳು. ರೇಡಿಯೋಗೆ ಮೊಟ್ಟೆಯ ಕಾರಣ ತಿಳಿಯಲಿಲ್ಲ, ತಿಂದಳು. ಮೂರನೇ ದಿನ ಅವಳ ಡ್ರೈಯರೂ ವಾಪಸು ಬಂದಾಗ, ತನಗೇನೋ ದೊಡ್ಡ ಕಾಯಿಲೆಯಿದೆ, ಮನೆಯವರು ಮುಚ್ಚಿಡುತ್ತಿದ್ದಾರೆ ಎಂದೇ ಅವಳಿಗೆ ಅನುಮಾನ ಬಂತು.

ಶುಕ್ರವಾರ ಸಂಜೆ ಹನ್ನೊಂದು ಪಟ್ಟಿಗಳೂ ಕಾರಿಗೆ ಸೇರಿದವು. ಅಷ್ಟು ಹೊತ್ತಿಗೆ ಅಕ್ಕಪಕ್ಕದವರೆಲ್ಲ ನೋಡಲು ಬಂದಿದ್ದರು, ಸರ್ವೇಯರ ಅಂಗಳದಲ್ಲಿ ನಿಂತು, "ನಮ್ಮ ಕೈಲಿ ಏನೂ ಇಲ್ಲ ಸ್ವಾಮಿ, ಎಲ್ಲಾ ವಿಶ್ರಾಂತಿ" ಎಂದು ಒಬ್ಬೊಬ್ಬರಿಗೂ ವಿವರಿಸಿದ. ಈಗ ಹೇಳಿಬಿಡಲೇ ಎಂದು ಟೈಲರಮ್ಮನ ನಾಲಿಗೆ ತುರಿಸಿತು. ಅಜ್ಜಿ ಮೊಣಕೈ ತಿವಿದಳು. "ನಾಳೆ ಕೋಟು ಒಪ್ಪಿಸಿ ಬಾ. ಆಮೇಲೆ ಹೇಳು. ಇವತ್ತು ಜಗಳ ಆದ್ರೆ ನಾಳೆ ಕೈ ನಡುಗುತ್ತೆ."

ಶನಿವಾರ ಒಂಬತ್ತಕ್ಕೆ ಹೊರಟರು. ಹಿಂದಿನ ಸೀಟಿನ ಮೇಲೆ ಅಡ್ಡ ಸಲಾಕೆ, ಅದರಲ್ಲಿ ಮೂವತ್ತನಾಲ್ಕು ಕೋಟು. ಕೆಳಗೆ, ಕೋಟುಗಳ ನಡುವಿನಿಂದ ಇಣುಕುವ ಎರಡು ತಲೆಗಳು: ಅಜ್ಜಿ ಮತ್ತು ರೇಡಿಯೋ. ಸ್ಟೀರಿಂಗಿನಲ್ಲಿ ಟೈಲರಮ್ಮ. ಪಕ್ಕದಲ್ಲಿ ಸರ್ವೇಯರ, ಬ್ರೇಕಿಲ್ಲದ ಕಡೆ ಕಾಲೊತ್ತುತ್ತ.

"ಎಡಕ್ಕೆ ಒಂದು ಮೀಟರ್ ಜಾಗ ಇದೆ. ಮುಕ್ಕಾಲು. ಅರ್ಧ."

"ರೀ, ಇನ್ನೊಂದು ಸಲ ಅಳತೆ ಹೇಳಿದ್ರೆ ಇಳಿಸಿಬಿಡ್ತೀನಿ."

ಹತ್ತಕ್ಕೆ ಐದು ನಿಮಿಷವಿರುವಾಗ ಹೋಟೆಲಿನ ಮುಂದೆ ಕಾರು ನಿಂತಿತು. ಮೇಡಂ ಕಾಯುತ್ತಿದ್ದರು. ಕೋಟುಗಳನ್ನೆಲ್ಲ ಒಳಗಿನ ಉದ್ದನೆಯ ಸಲಾಕೆಗೆ ತೂಗುಹಾಕಿಸಿ, ಒಂದು ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು. ಮೂವತ್ತನಾಲ್ಕು ಕೋಟುಗಳ ಗುಂಡಿಗಳು ಐದು ಗೆರೆ ಎಳೆದಂತೆ ಈ ತುದಿಯಿಂದ ಆ ತುದಿಗೆ ಓಡಿದ್ದವು. ಸ್ಕೇಲು ತೆಗೆದರು. ಇಲ್ಲಿಟ್ಟರು, ಅಲ್ಲಿಟ್ಟರು, ನಡುವಿನ ಯಾವುದೋ ಒಂದಕ್ಕೆ ತಟ್ಟನೆ ಇಟ್ಟರು. ಬೀದಿ ತುದಿಯ ಷಟರು ಟೈಲರಮ್ಮನ ಕಣ್ಣ ಮುಂದೆ ಅರ್ಧ ಎದ್ದು, ಅಲ್ಲೇ ನಿಂತಿತು.

ಮೇಡಂ ಸ್ಕೇಲನ್ನು ಜೇಬಿಗೆ ಹಾಕಿಕೊಂಡರು. "ರೆಡಿಮೇಡಲ್ಲೂ ನಾನು ಇಷ್ಟು ನೇರ ನೋಡಿಲ್ಲಮ್ಮ. ಗುಂಡಿ ಹಚ್ಚಿದ್ದು ಯಾರು?"

"ನನ್ನ ಮಗಳು" ಎಂದಳು ಟೈಲರಮ್ಮ, ಅವಳನ್ನು ಮುಂದಕ್ಕೆ ತಳ್ಳುತ್ತ.

"ನಾನಾ?" ಎಂದಳು ರೇಡಿಯೋ. "ನಾನು ಸೂಜಿಗೆ ದಾರ ಹಾಕಿ ಎರಡು ವರ್ಷ ಆಯ್ತು. ಅಮ್ಮ ತಾನೇ ಹಚ್ತಿದಾಳೆ ಅಂತ ಅಜ್ಜಿ ಹೇಳಿದ್ರು."

ಅಜ್ಜಿ ಹೋಟೆಲಿನ ಚಾವಣಿಯ ದೀಪಗಳನ್ನು ಎಣಿಸತೊಡಗಿದಳು.

"ಯಾರಾದ್ರೂ ಆಗಲಿ. ವರ್ಷದ ಕೆಲಸ ನಿಮ್ಮದೇ" ಎಂದರು ಮೇಡಂ. "ಬಿಲ್ ಕೊಡಿ, ಸಹಿ ಹಾಕ್ತೀನಿ."

"ಬಿಲ್ ಎಲ್ರಿ?"

"ಗ್ಲವ್ ಬಾಕ್ಸಲ್ಲಿ. ನನ್ನ ಪುಸ್ತಕದೊಳಗಿದೆ" ಎಂದ ಸರ್ವೇಯರ. ಅವನೂ ಈಗ ದೀಪ ಎಣಿಸುತ್ತಿದ್ದ.

ಟೈಲರಮ್ಮ ಕಾರಿಗೆ ಬಂದು ಗ್ಲವ್ ಬಾಕ್ಸ್ ತೆರೆದಳು. ಹಳದಿ ರಟ್ಟಿನ ಫೀಲ್ಡ್ ಪುಸ್ತಕ. ಬಿಲ್ಲು ಇಟ್ಟ ಪುಟದಲ್ಲಿ ಅವನ ಗುಂಡು ಅಕ್ಷರ, ಕಚೇರಿಯ ಶೈಲಿ.

'ಸ್ಥಳ: ಹಿಂದಿನ ಜಗಲಿ. ತುಂಡು ಸಂಖ್ಯೆ 1. ನಾನು ಕತ್ತರಿಸಿದ ಉದ್ದ 41.2 ಸೆಂ.ಮೀ. ವಿಶ್ರಾಂತಿಯ ನಂತರ, ಮಡಿಕೆ ಸೇರಿ, 45.6. ವಿನೈಲ್ ಬೆಳೆಯುವ ಜೀವಿಯಲ್ಲ. ಅಂಚಿನ ಒಳಗೆ ನೀಲಿ ಚಾಕಿನ ಗುರುತು. ಸುರುಳಿಯಲ್ಲಿ ಅರ್ಧ ಮೀಟರ್ ಒತ್ತುವರಿ. ಒತ್ತುವರಿದಾರರು ಪತ್ತೆಯಾಗಿದ್ದಾರೆ. ಕೆಲಸ ನನ್ನದಕ್ಕಿಂತ ಬಹಳ ಉತ್ತಮ. ಆದ್ದರಿಂದ ತೆರವುಗೊಳಿಸುವ ಅಗತ್ಯವಿಲ್ಲ. ಉಳಿದ ಹತ್ತು ತುಂಡುಗಳನ್ನೂ ವಿಶ್ರಾಂತಿಗೆ ಬಿಡತಕ್ಕದ್ದು.'

ಅವಳು ಪುಟ ತಿರುಗಿಸಿದಳು.

'ಸ್ಥಳ: ಮುಂದಿನ ಕೋಣೆ. ಬೆಳಿಗ್ಗೆ 5ರಿಂದ 6. ಗೊರಕೆ ಮೊಬೈಲಿನಲ್ಲಿ ರೆಕಾರ್ಡು ಮಾಡಿ ದಿಂಬಿನ ಪಕ್ಕ ಇಡಲಾಗಿದೆ. ಕೋಟು ಮೂರು, ಗುಂಡಿ ಹದಿನೈದು, ಅಂತರ 8.5 ಸೆಂ.ಮೀ. ಬೆರಳಿಗೆ ಸೂಜಿ ಚುಚ್ಚಿದ್ದು ಎರಡು ಬಾರಿ. ಕಾವಲು: ಅಮ್ಮ. ಸಂಕೇತ: ಕೆಮ್ಮು. ಕೆಮ್ಮು ಸುಳ್ಳು, ಜೇನು ಮಾತ್ರ ನಿಜವಾಗಿ ಖರ್ಚಾಗುತ್ತಿದೆ.'

ಕೊನೆಯ ಸಾಲು ನಿನ್ನೆಯದು. 'ಕತ್ತರಿಗೆ ಸಾಣೆ ಹಿಡಿಸಿ ಯಂತ್ರದ ಡ್ರಾಯರಿನಲ್ಲಿಡಲಾಗಿದೆ. ಕ್ಷಮೆ ಕೇಳುವುದು ಇನ್ನೂ ಆಗಿಲ್ಲ.'

ಟೈಲರಮ್ಮನ ಮುಖಕ್ಕೆ ರಕ್ತ ನುಗ್ಗಿತು. ಹತ್ತು ಬೆಳಗು! ಹತ್ತು ಬೆಳಗು ನಿದ್ದೆಗೆಟ್ಟು, ಮೊಬೈಲಿನ ಗೊರಕೆಗೆ ಶಾಪ ಹಾಕುತ್ತ, ತುದಿಗಾಲಲ್ಲಿ ನಡೆದು, ಆ ಮುದುಕಿಗೆ ನಿಧಾನಕ್ಕೆ ನೀರು ಕಾಯಿಸಿ... ತಲೆಯೆತ್ತಿದಳು. ಹೋಟೆಲಿನ ಮೆಟ್ಟಿಲ ಮೇಲೆ ಮೂವರೂ ಸಾಲಾಗಿ ನಿಂತಿದ್ದರು, ಅವರ ಹಿಂದೆ ಬಿಲ್ಲಿಗೆ ಕಾಯುತ್ತ ಮೇಡಂ. ಸರ್ವೇಯರ ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿದ್ದ.

"ಕೈ ತೋರಿಸಿ."

ತೋರಿಸಿದ. ಎರಡು ಬೆರಳಿಗೆ ಬ್ಯಾಂಡೇಜು ಪಟ್ಟಿ. ಅದರ ಮೇಲೆ, ಅಂಚು ಕಾಣದಂತೆ, ಒಂದು ಗುಳ್ಳೆಯಿಲ್ಲದೆ, ಕಾರ್ಬನ್ ಫೈಬರಿನ ವಿನೈಲು ಸುತ್ತಿತ್ತು.

"ಎಳೆ ನೇರ ಇದೆಯಾ ನೋಡು" ಎಂದ ಸರ್ವೇಯರ. "ಈ ಸಲ ಉಬ್ಬಿಗೂ ಬಿಟ್ಟಿದೀನಿ."

ಅಜ್ಜಿ ಸುಳ್ಳು ಕೆಮ್ಮು ಕೆಮ್ಮಿದಳು. ರೇಡಿಯೋ ನಕ್ಕಳು, ಮೇಡಂ ನಕ್ಕರು, ಸರ್ವೇಯರನೂ ಅಂಜುತ್ತಂಜುತ್ತ ನಕ್ಕ. ಟೈಲರಮ್ಮ ಬೈಯಲೆಂದೇ ಬಾಯಿ ತೆರೆದಳು. ಬಂದದ್ದು ಬೈಗುಳವಲ್ಲ. ಐದು ವಾರದಿಂದ ಒತ್ತಿ ಹಿಡಿದದ್ದೆಲ್ಲ ಒಂದೇ ಸಲ ಹೊರಬಿತ್ತು. ಹೊಟ್ಟೆ ಹಿಡಿದುಕೊಂಡು ಡ್ರೈವರ್ ಸೀಟಿಗೆ ಕುಸಿದಳು, ಹಣೆ ಹಾರನ್ನಿಗೆ ತಗುಲಿತು, ಹೋಟೆಲಿನ ಬಾಗಿಲು ಕಾಯುವವನು ಓಡಿ ಬಂದ. ಉಳಿದವರ ನಗು ನಿಂತು ಎಷ್ಟೋ ಹೊತ್ತಾಗಿತ್ತು. ಅವಳದು ಹಾರನ್ನನ್ನೂ ಮೀರಿ, ಬೀದಿಯ ಆಚೆ ಬದಿಯವರು ತಿರುಗಿ ನೋಡುವಷ್ಟು ಜೋರಾಗಿ, ಇನ್ನೂ ಕೇಳುತ್ತಲೇ ಇತ್ತು.